ಪಾದರಸ ಮೆರುಗು ಕೊಟ್ಟ ಸ್ಟ್ಯಾಂಡು

ನನ್ನ ತಂಗಿಯ ಗಂಡನಿಗೆ ಬೀದಿಯವರು ಇಟ್ಟ ಹೆಸರು ಪಾದರಸ. ಆಂಟೆನಾ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ದ್ರವಲೋಹ ತುಂಬುವುದು ಅವನ ಕೆಲಸ. ಮೊದಲು ಪ್ರಿಂಟರ್ ಯಂತ್ರ ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿಯನ್ನು, ಒಳಗೆ ಸಣ್ಣ ಸಣ್ಣ ಟೊಳ್ಳು ದಾರಿಗಳನ್ನು ಬಿಟ್ಟು, ಪದರ ಪದರವಾಗಿ ಕಟ್ಟುತ್ತದೆ. ಇವನು ಬೆಳ್ಳಿಯಂತೆ ಮಿನುಗುವ ಗ್ಯಾಲಿಯಂ ಮಿಶ್ರಣವನ್ನು ಸಿರಿಂಜಿನಿಂದ ಒಂದು ತೂತಿನೊಳಗೆ ತಳ್ಳುತ್ತಾನೆ. ಇನ್ನೊಂದು ತೂತಿನಿಂದ ಗಾಳಿ ಹೊರಬರುತ್ತದೆ. ಲೋಹ ನೀರಿನಂತಿರುವುದರಿಂದ ಆಂಟೆನಾವನ್ನು ಬಗ್ಗಿಸಿದರೂ ರೇಡಿಯೊ ನಿಲ್ಲುವುದಿಲ್ಲ. ವಿಷಯ ಇಷ್ಟೇ. ಅವನ ಬಾಯಲ್ಲಿ ಮಾತ್ರ ಅದು ಊಟ ಮುಗಿದರೂ ಮುಗಿಯದ ಪುರಾಣ.

“ಅದು ಪಾದರಸ ಅಲ್ಲ ಅಕ್ಕಾ, ಎಷ್ಟು ಸಲ ಹೇಳ್ಲಿ ನಿಮ್ಮ ಬೀದಿಯವರಿಗೆ?”

“ಅವರು ಲೋಹದ ಬಗ್ಗೆ ಹೇಳ್ತಿಲ್ಲಪ್ಪಾ,” ಎಂದೆ. ಕೈಗೆ ಸಿಗದೆ ಜಾರುವ ಗುಣದ ಮಾತು ಅದೆಂದು ಅವನಿಗೆ ತಿಳಿಯಲಿಲ್ಲ.

ಕಾರ್ಖಾನೆಯ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಇಬ್ಬರ ಹೆಸರಿತ್ತು: ಇವನದು, ಪ್ರಿಂಟರ್ ನಡೆಸುವ ಹೆಂಗಸಿನದು. ಅಚ್ಚು ಹಾಕುವವಳೆಂದು ಆಕೆಗೆ ಇವನು ‘ಅಚ್ಚಮ್ಮ’ ಎಂದು ಹೆಸರಿಟ್ಟಿದ್ದ. “ಅವಳದ್ದೇನು, ಗುಂಡಿ ಒತ್ತಿ ಕೂರೋದು. ಜೀವ ತುಂಬೋನು ನಾನು,” ಎನ್ನುತ್ತಿದ್ದ. ಜೀವ ತುಂಬುವವನು ಮೇಲೆ ಬೇರೆ ಒಬ್ಬನಿದ್ದಾನೆ ಎಂದು ನಂಬಿದವಳು ನಾನು.

ನೀರಿನಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ದೋಣಿಗಳ ಅಧಿಕಾರಿಣಿ, ಕೊಳ್ಳುವ ಮುನ್ನ ಆಂಟೆನಾ ನೋಡಲು ಬರುವ ದಿನ ನಿಗದಿಯಾಯಿತು. ಅವರು ಒಪ್ಪಿದರೆ ಕುರ್ಚಿ ತನ್ನದೇ ಎಂದು ಇವನ ಲೆಕ್ಕ. ಕಾರ್ಖಾನೆಯ ಕಪ್ಪು ಪ್ಲಾಸ್ಟಿಕ್ ಸ್ಟ್ಯಾಂಡು ತನ್ನ ಘನತೆಗೆ ಸಾಲದೆಂದು ತಂಗಿಯ ಅಡುಗೆಮನೆಯಿಂದ ತಟ್ಟೆ ಜೋಡಿಸುವ ಅಲ್ಯೂಮಿನಿಯಂ ಸ್ಟ್ಯಾಂಡನ್ನು ಹೊತ್ತುಕೊಂಡು ಹೋದ. ಅವರು ಬರುವ ಹಿಂದಿನ ಸಂಜೆ ಅದರ ಕಾಲುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದ. ಮೆರುಗು ಬರಲೆಂದು ತನ್ನ ಮೇಜಿನ ಬಟ್ಟೆಯಿಂದ ಒರೆಸಿದ. ದಿನವೂ ಸಿರಿಂಜು ಒರೆಸುವ ಬಟ್ಟೆ ಅದು.

ಗ್ಯಾಲಿಯಂ ಸೋಕಿದರೆ ಅಲ್ಯೂಮಿನಿಯಂ ಒಳಗೊಳಗೇ ಸಡಿಲಾಗುತ್ತದೆ, ಉಜ್ಜಿದ್ದಾದರೆ ಇನ್ನೂ ಬೇಗ. ಇದು ಅವನಿಗೆ ಗೊತ್ತಿರಲಿಲ್ಲವೇ? ‘ಅಲ್ಯೂಮಿನಿಯಂ ಒಳಗೆ ತರಬೇಡಿ’ ಎಂಬ ಫಲಕವನ್ನು ಬಾಗಿಲಿಗೆ ಹೊಡೆದವನೇ ಅವನು. ಕಸ ಗುಡಿಸುವಾಕೆಯ ಊಟದ ಡಬ್ಬಿಯನ್ನೂ ಹೊರಗಿಡಿಸಿದ್ದ. ನಿಯಮ ಇದ್ದದ್ದು ಬೇರೆಯವರಿಗೆ.

ಬೆಳಿಗ್ಗೆ ಎಲ್ಲರೂ ಸೇರಿದಾಗ ಆಂಟೆನಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರೇಡಿಯೊ ಹಾಕಿ, ಗಂಟಲು ಸರಿಮಾಡಿಕೊಂಡ. ಸ್ಟ್ಯಾಂಡಿನ ಕಾಲು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಮುರಿಯಿತು. ಆಂಟೆನಾ ನೆಲಕ್ಕೆ ಬಿತ್ತು.

“ಪ್ಲಾಸ್ಟಿಕ್ಕೇ ಸರಿಯಿಲ್ಲ ಮೇಡಂ, ಅಚ್ಚಿನ ತಪ್ಪು!” ಎಂದ, ಉಸಿರು ಬಿಡುವ ಮೊದಲೇ.

ಅಧಿಕಾರಿಣಿ ಆಂಟೆನಾವನ್ನು ಎತ್ತಿಕೊಂಡು ಹಗ್ಗದಂತೆ ತಿರುಚಿದರು. ರೇಡಿಯೊ ಮಾತಾಡುತ್ತಲೇ ಇತ್ತು.

“ಇದಕ್ಕೇನೂ ಆಗಿಲ್ಲವಲ್ರೀ. ಮುರಿದಿದ್ದು ಬೇರೆ ಏನೋ.”

“ಒಳಗೆ ತುಂಬಿರೋದೂ ಚೆನ್ನಾಗಿದೆ ಮೇಡಂ, ಅದು ಇವರ ಕೆಲಸ,” ಎಂದಳು ಅಚ್ಚಮ್ಮ. “ಸ್ಟ್ಯಾಂಡೂ ಇವರದೇ.”

ಆಂಟೆನಾಗಳನ್ನು ಅವರು ಒಪ್ಪಿಕೊಂಡರು. ಕುರ್ಚಿ ಅಚ್ಚಮ್ಮನಿಗೆ ಹೋಯಿತು. ಮುಖ್ಯಸ್ಥರು ಇವನನ್ನು ಬದಿಗೆ ಕರೆದು ಹೇಳಿದರಂತೆ: “ಕುರ್ಚಿ ತಪ್ಪಿದ್ದು ಸ್ಟ್ಯಾಂಡ್ ತಂದಿದ್ದಕ್ಕಲ್ಲಪ್ಪಾ. ಅದು ಮುರಿದ ತಕ್ಷಣ ಪಕ್ಕದವಳ ಕಡೆ ಬೆರಳು ತೋರಿಸಿದೆಯಲ್ಲ, ಅದಕ್ಕೆ.”

ಇದೆಲ್ಲ ನನಗೆ ತಿಳಿದದ್ದು ಅಚ್ಚಮ್ಮನಿಂದ. ಮನೆಗೆ ಬಂದ ಪಾದರಸ ಹೇಳಿದ್ದೇ ಬೇರೆ.

“ನಾನೇ ಬೇಡ ಅಂದೆ. ಮುಖ್ಯಸ್ಥ ಅಂದ್ರೆ ಬರೀ ಸಹಿ ಹಾಕೋದು. ಪಾಪ, ಅವಳಿಗೆ ಆಸೆ ಇತ್ತು.”

“ಒಳ್ಳೇದು ಮಾಡಿದ್ರಿ ಬಿಡಿ,” ಎಂದು ತಂಗಿ ಗೋಡೆಯ ಕಡೆ ತಿರುಗಿದಳು. ತಡೆದ ನಗುವಿಗೆ ಅವಳ ಹೆಗಲು ಅಲುಗುತ್ತಿತ್ತು.

ಅಂದು ಸಂಜೆ, ಅವನಿಗೆ ಒಳ್ಳೆಯ ಬುದ್ಧಿ ಬರಲೆಂದು ಪ್ರಾರ್ಥಿಸಲು ಕುಳಿತೆ. ಅಷ್ಟರಲ್ಲಿ ಹೊರಗಿನಿಂದ ಅವನ ದನಿ: “ಅವಳು ಕೈಮುಗಿದು ಕೇಳ್ಕೊಂಡ್ಳು ಕಣ್ರೀ, ‘ಸಾರ್, ನೀವೇ ನನಗೆ ಕಲಿಸಬೇಕು’ ಅಂತ.” ಪಕ್ಕದ ಮನೆಯಾತ ಹೂಂಗುಟ್ಟುತ್ತಿದ್ದ. ದೇವರ ತಾಳ್ಮೆ ದೊಡ್ಡದು, ನನ್ನದು ಅಷ್ಟಿಲ್ಲ. ಪ್ರಾರ್ಥನೆಯನ್ನು ಅಲ್ಲಿಗೇ ಬಿಟ್ಟು ಎದ್ದೆ.