ಕುದಿಯದ ಸೋಯಾ ಹಾಲು

ಐವತ್ತರ ದಶಕದ ಆರಂಭದಲ್ಲಿ ನಾವು ವಡಾಲದ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿದ್ದೆವು. ನಾನು ಫೋರ್ಟ್ ಭಾಗದಲ್ಲಿದ್ದ ಕನ್ನಡ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ದಾದರಿನಲ್ಲಿ ಪೌಷ್ಟಿಕ ಆಹಾರದ ಪ್ರದರ್ಶನವೊಂದು ನಡೆದಾಗ ವರದಿಗೆಂದು ಹೋದೆ. ಬರುವಾಗ ಒಂದು ಬಟ್ಟೆಚೀಲದ ತುಂಬ ಸೋಯಾ ಕಾಳು ಕೊಟ್ಟರು, ಜೊತೆಗೆ ನಾಲ್ಕು ಪುಟದ ಇಂಗ್ಲಿಷ್ ಕರಪತ್ರ. ತೊಗರಿಬೇಳೆ ಕಣ್ಣಿಗೆ ಬೀಳದ ಕಾಲ. ಹಳದಿ ಬಣ್ಣದ, ಬಟಾಣಿಯಂಥ ಈ ಕಾಳನ್ನು ಬೇಡವೆನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ.

ನನ್ನ ಹೆಂಡತಿ ಧಾರವಾಡದವಳು. ಗೊತ್ತಿರುವ ದಾರಿಯಲ್ಲೇ ಹೋದಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಇದ್ದಿಲಿನ ಶೇಗಡಿಯ ಮೇಲೆ ಎರಡು ತಾಸು ಬೇಯಿಸಿ ಉಸಳಿ ಮಾಡಿದಳು. ಇನ್ನಷ್ಟನ್ನು ಕೆಂಪಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಚಟ್ನಿಪುಡಿ ಕುಟ್ಟಿದಳು. ಎರಡು ಹಿಡಿ ಕಾಳು ಗೋಧಿಯ ಜೊತೆ ಗಿರಣಿಗೆ ಹೋಯಿತು; ಆ ಹಿಟ್ಟಿನ ಚಪಾತಿ ಸ್ವಲ್ಪ ಬಿರುಸು. ‘ಶೇಂಗಾ ಅಂತ ತಿಳಕೊಂಡು ತಿನ್ರಿ, ನಡೀತದ’ ಎಂದಳು. ನಡೆಯಿತು.

ಪಕ್ಕದ ಕೋಣೆಯಲ್ಲಿ ಉಡುಪಿ ಕಡೆಯ ಸಂಸಾರ. ಗಂಡ ಮುಲುಂಡಿನ ಹೋಟೆಲೊಂದರಲ್ಲಿ ಅಡುಗೆಯವನು. ಅಲ್ಲೇ ಮಲಗಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಉಳಿದ ದಿನ ಆಕೆ ಮತ್ತು ಎಂಟು ತಿಂಗಳ ಹೆಣ್ಣುಮಗು, ಇಬ್ಬರೇ. ಟೈಫಾಯ್ಡ್ ಬಂದು ಆಕೆಯ ಎದೆಹಾಲು ಬತ್ತಿತ್ತು. ತಬೇಲದ ಎಮ್ಮೆಹಾಲು ಕೊಟ್ಟರೆ ಮಗುವಿನ ಮೈಯೆಲ್ಲ ದದ್ದು, ಮೇಲೆ ಭೇದಿ. ಡಬ್ಬದ ಹಾಲು ಅಂಗಡಿಗೆ ಬಂದ ಸುದ್ದಿ ಕೇಳುವಷ್ಟರಲ್ಲಿ ಮುಗಿದಿರುತ್ತಿತ್ತು. ಇನ್ನೊಂದು ಸಲ ಭೇದಿ ಹತ್ತಿದರೆ ಮಗು ತಡೆಯಲಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಇದನ್ನು ಆಕೆ ನನ್ನ ಹೆಂಡತಿಗೆ ಹೇಳಿದಳು. ಹೆಂಡತಿ ನನಗೆ ಹೇಳಿದಳು.

ಕರಪತ್ರದ ಮೂರನೆಯ ಪುಟದಲ್ಲಿ ಸೋಯಾ ಹಾಲಿನ ವಿಧಾನವಿತ್ತು. ಎಮ್ಮೆಹಾಲು ಒಗ್ಗದ ಮಕ್ಕಳಿಗೂ ಇದು ಒಗ್ಗುತ್ತದೆ ಎಂದು ಬರೆದಿತ್ತು. ನಾನು ಅದನ್ನು ಒಂದು ಚೀಟಿಯಲ್ಲಿ ಕನ್ನಡಕ್ಕಿಳಿಸಿ, ಉಳಿದ ಕಾಳಿನೊಂದಿಗೆ ಆಕೆಗೆ ಕೊಟ್ಟೆ. ‘ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ನೀರು ಸೇರಿಸಿ ಬಟ್ಟೆಯಲ್ಲಿ ಹಿಂಡಿ, ಹಾಲು ಕಾಯಿಸಿ ಕೊಡಿ.’ ಇಂಗ್ಲಿಷಿನಲ್ಲಿ ಇದ್ದದ್ದು, ತಳ ಹಿಡಿಯದಂತೆ ಕದಡುತ್ತ ಇಪ್ಪತ್ತು ನಿಮಿಷ ಕುದಿಸಬೇಕು ಎಂದು. ಮೂರು ಸಾಲನ್ನು ಒಂದಕ್ಕೆ ಇಳಿಸುವುದು ಕಚೇರಿಯಲ್ಲಿ ನನ್ನ ದಿನದ ಕೆಲಸ. ಅದನ್ನೇ ಇಲ್ಲೂ ಮಾಡಿದೆ. ನಮ್ಮ ಮನೆಯಲ್ಲಿ ಹಾಲು ಕಾಯಿಸುವುದೆಂದರೆ ಅದು ಉಕ್ಕಿ, ಇಳಿದು, ಮತ್ತೆ ಉಕ್ಕುವ ತನಕ ಒಲೆಯ ಮುಂದೆ ಕೂರುವುದು. ಆ ಪದಕ್ಕೆ ಬೇರೆ ಮನೆಯಲ್ಲಿ ಬೇರೆ ಅರ್ಥವಿದ್ದೀತೆಂದು ನನಗೆ ತೋಚಲಿಲ್ಲ.

ಮೊದಲ ದಿನ ಮಗು ಕುಡಿಯಿತು. ಎರಡನೆಯ ದಿನ ಸ್ವಲ್ಪ ಕಕ್ಕಿತು. ಹೊಸ ಆಹಾರ, ಹೊಂದಿಕೊಳ್ಳಲು ಸಮಯ ಬೇಕು ಎಂದು ಎಲ್ಲರೂ ಅಂದೆವು. ನಾಲ್ಕನೆಯ ದಿನಕ್ಕೆ ಭೇದಿ ಶುರುವಾಯಿತು. ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಆದ್ದರಿಂದ ಹೆಚ್ಚು ಕೊಡಬೇಕು ಎಂದು ಆಕೆ ಲೆಕ್ಕ ಹಾಕಿದಳು. ಎರಡು ಹೊತ್ತಿನದು ನಾಲ್ಕು ಹೊತ್ತಾಯಿತು. ಗ್ಯಾಲರಿಯಲ್ಲಿ ನಡೆದರೆ ಆಕೆಯ ಬಾಗಿಲ ಬಳಿ ಹಸಿ ಕಾಳಿನ ವಾಸನೆ. ಗೋಡೆಯಾಚೆ ಅಳು ಕೇಳಿಸುತ್ತಿದ್ದದ್ದು ಆರನೆಯ ದಿನ ಕಡಿಮೆಯಾಯಿತು. ಮಗು ಸುಧಾರಿಸಿತೆಂದೇ ನಾನು ತಿಳಿದೆ.

ಏಳನೆಯ ದಿನ ಭಾನುವಾರ. ಉಳಿದ ದಿನಗಳಲ್ಲಿ ಆಕೆ ಹಾಲು ಮಾಡುವ ಹೊತ್ತಿಗೆ ನಾನು ಲೋಕಲ್ ರೈಲಿನಲ್ಲಿರುತ್ತಿದ್ದೆ, ಅವತ್ತು ಮನೆಯಲ್ಲಿದ್ದೆ. ಆಕೆಯ ಪಂಪಿನ ಸ್ಟೋವ್ ಭುಸುಗುಟ್ಟುವುದು ಗೋಡೆಯಾಚೆಯಿಂದ ಚೆನ್ನಾಗಿ ಕೇಳಿಸುತ್ತಿತ್ತು. ಶುರುವಾಯಿತು. ನಾನು ಪತ್ರಿಕೆಯ ಒಂದು ಸುದ್ದಿ ಓದಿ ಮುಗಿಸುವಷ್ಟರಲ್ಲಿ ನಿಂತಿತು. ನಾನು ಎದ್ದು ಹೋದೆ.

‘ಇಷ್ಟು ಲಗೂ ಆತೇನ್ರಿ?’ ಎಂದೆ.

‘ಆಯ್ತಲ್ಲ ಅಣ್ಣ. ಹಬೆ ಬಂದ ಕೂಡ್ಲೇ ಇಳಿಸಿದೆ.’

‘ಕುದಿಸೂದಿಲ್ಲೇನು?’

ಆಕೆ ನಕ್ಕಳು. ಆ ವಾರದಲ್ಲಿ ನಾನು ನೋಡಿದ ಒಂದೇ ನಗು ಅದು. ‘ಕಾಯಿಹಾಲು ಯಾರಾದ್ರೂ ಕುದಿಸ್ತಾರಾ? ಒಡೀತದಲ್ಲ. ನಿಮ್ಮ ಘಟ್ಟದ ಮೇಲಿನವರಿಗೆ ತೆಂಗಿನಕಾಯಿ ಅಂದ್ರೆ ದೇವರ ಮುಂದೆ ಒಡೆಯುದು ಮಾತ್ರ ಗೊತ್ತು.’ ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ‘ನೀವೇ ಬರ್ದದ್ದಲ್ವಾ, ಕಾಯಿಸಿ ಅಂತ?’

ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಬಿಳಿಯ ಹಾಲು. ಹುಟ್ಟಿದಾಗಿನಿಂದ ಆಕೆ ಹಾಗೆ ತೆಗೆದದ್ದು ತೆಂಗಿನ ಹಾಲನ್ನು ಮಾತ್ರ. ಅದನ್ನು ಬೆಚ್ಚಗೆ ಕಾಯಿಸಬೇಕು, ಕುದಿಯಲು ಬಿಡಬಾರದು. ಆಕೆ ನಿಯಮ ಮುರಿದಿರಲಿಲ್ಲ. ನಾನು ಕರಪತ್ರ ತಂದು, ಕುದಿಸದ ಸೋಯಾ ಹೊಟ್ಟೆಯನ್ನು ಕೆಡಿಸುತ್ತದೆ ಎಂಬ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅದನ್ನು ಬಿಟ್ಟವನು ನಾನೇ ಎಂದೂ ಹೇಳಿದೆ. ಆಕೆ ಪಾತ್ರೆಯನ್ನು ಮೋರಿಗೆ ಬಗ್ಗಿಸಿ, ಮಗುವನ್ನು ಎತ್ತಿಕೊಂಡು, ಚಪ್ಪಲಿ ಹಾಕದೆ ಮೆಟ್ಟಿಲಿಳಿದಳು. ನಾನು ಹಿಂದೆ ಹೋದೆ.

ಡಾಕ್ಟರು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಮಡಿಕೆ ಹಾಗೇ ನಿಂತಿತು. ಬಾರ್ಲಿ ನೀರಿಗೆ ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ಕೊಡುತ್ತಲೇ ಇರಿ ಎಂದರು. ಸಂಜೆಯೊಳಗೆ ಮಗು ಮೂತ್ರ ಮಾಡದಿದ್ದರೆ ಆಸ್ಪತ್ರೆಗೆ ಸೇರಿಸಿ; ಅಲ್ಲಿಯೂ ಏನೂ ಹೇಳಲಾಗದು ಎಂದರು.

ಮಧ್ಯಾಹ್ನ ಗಂಡ ಮುಲುಂಡಿನಿಂದ ಬಂದ. ನನ್ನ ಚೀಟಿಯನ್ನು ಕೇಳಿ ಪಡೆದು, ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡ. ನನ್ನ ಹೆಂಡತಿ ಮತ್ತು ಆಕೆ ಸರದಿಯ ಮೇಲೆ ಚಮಚ ಹಿಡಿದರು. ನಾಲ್ಕು ಗಂಟೆಗೆ ಮಗುವಿನ ಕೆಳಗಿನ ಬಟ್ಟೆ ಒಣಗಿತ್ತು. ಐದಕ್ಕೂ ಒಣಗಿತ್ತು. ಆರು ಗಂಟೆಗೆ ಗಂಡ ಟ್ಯಾಕ್ಸಿ ತರಲು ಅಂಗಿ ತೊಟ್ಟಾಗ ಆಕೆ ಬಟ್ಟೆಯನ್ನು ಮುಟ್ಟಿ ನೋಡಿ, ಇನ್ನೊಮ್ಮೆ ಮುಟ್ಟಿ, ಅದನ್ನು ಅವನ ಕೈಗೆ ಕೊಟ್ಟಳು. ಅಂಗೈಯಷ್ಟು ಜಾಗ ಒದ್ದೆಯಾಗಿತ್ತು.

ಮಗು ಉಳಿಯಿತು. ಆದರೆ ಬರೀ ಬಾರ್ಲಿ ನೀರು, ಗಂಜಿತಿಳಿಯಲ್ಲಿ ಎಷ್ಟು ದಿನ? ಗಂಡ ಹೋಟೆಲಿನವರಿಗೆಲ್ಲ ಹೇಳಿಟ್ಟರೂ ಡಬ್ಬದ ಹಾಲು ಸಿಗಲಿಲ್ಲ. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಆಕೆ ನಮ್ಮ ಬಾಗಿಲಿಗೆ ಬಂದಳು. ಡಾಕ್ಟರನ್ನು ಕೇಳಿ, ಉಳಿದಿದ್ದ ಕಾಳನ್ನು ರಾತ್ರಿಯೇ ನೆನೆಸಿಟ್ಟು ಬಂದಿದ್ದಳು. ಸರಿಯಾಗಿ ಕುದಿಸಿದರೆ ಅಡ್ಡಿಯಿಲ್ಲ ಎಂದಿದ್ದರಂತೆ. ತಿದ್ದಿದ ಚೀಟಿಯೊಂದನ್ನು ನಾನು ಬರೆದಿಟ್ಟಿದ್ದೆ. ಕೊಡಲು ಹೋದರೆ ಆಕೆ ಕೈ ಚಾಚಲಿಲ್ಲ.

‘ಬರ್ದು ಕೊಡುದು ಬೇಡ ಅಣ್ಣ. ನೀವು ಎದುರಿಗೆ ಕೂತ್ಕೊಳ್ಳಿ, ನಾನು ಮಾಡ್ತೇನೆ.’

ಕೂತೆ. ಕೈಗಡಿಯಾರ ಬಿಚ್ಚಿ ನೆಲದ ಮೇಲಿಟ್ಟೆ. ಬೇಗನೇ ನೊರೆ ಏರಿತು; ಆಕೆಯ ಕೈ ತಾನಾಗಿ ಇಳಿಸಲು ಹೋಯಿತು. ಇನ್ನೂ ಇಲ್ಲ ಎಂದೆ. ಆಕೆ ಉರಿ ತಗ್ಗಿಸಿ ಕದಡಿದಳು. ಹಸಿ ವಾಸನೆ ಹೋಗಿ, ಬೆಂದ ಕಾಳಿನ ವಾಸನೆ ಬಂತು. ಇಪ್ಪತ್ತು ನಿಮಿಷದ ಮೇಲೆ ಐದು ನಿಮಿಷ ಆಕೆಯೇ ಸೇರಿಸಿದಳು. ಆಮೇಲೆ ಎರಡು ಲೋಟಗಳಿಗೆ ಬಗ್ಗಿಸಿ, ಒಂದನ್ನು ತಾನು ಕುಡಿದು, ಇನ್ನೊಂದನ್ನು ನನ್ನ ಮುಂದಿಟ್ಟಳು.

ನಾನು ಕುಡಿದೆ. ಆ ದಿನ ಮಗುವಿಗೆ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಬಾಗಿಲಲ್ಲಿ ನಿಂತು, ನಾನು ಎಂದಿನಂತೆ ನೆಟ್ಟಗೆ ಕೆಲಸಕ್ಕೆ ಹೊರಡುವುದನ್ನು ನೋಡಿದ ಮೇಲೆ ಒಳಗೆ ಹೋಗಿ ಮಗುವಿನ ಹಾಲಿಗೆ ಸ್ಟೋವ್ ಹಚ್ಚಿದಳು.