ಹಾಲಿನಪುಡಿ ಡಬ್ಬಿಯ ಡೀಸೆಲ್ ಇಂಜಿನ್ನು

ನಮ್ಮ ಮನೆಯಲ್ಲಿ ಸೇಫ್ಟಿ ಪಿನ್ನುಗಳು ಏಕೆ ಉಳಿಯುವುದಿಲ್ಲ ಎಂಬ ಪ್ರಶ್ನೆ ನನ್ನ ಹೆಂಡತಿ ಸರೋಜಳನ್ನು ಬಹಳ ವರ್ಷ ಕಾಡಿತು. ಸ್ವಲ್ಪ ದಿನ ಕೆಲಸದವಳನ್ನು ಅನುಮಾನಿಸಿದಳು, ಸ್ವಲ್ಪ ದಿನ ತನ್ನ ಮರೆವನ್ನು ಬೈದುಕೊಂಡಳು. ಉತ್ತರ ನನಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಸೇಫ್ಟಿ ಪಿನ್ನನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಎರಡು ತುದಿಗಳನ್ನು ಬಗ್ಗಿಸಿದರೆ, ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ಹಿಡಿದುಕೊಂಡು ಓಡಾಡಲು ಇರುವ ಕಂಬಿ ಅಚ್ಚುಕಟ್ಟಾಗಿ ತಯಾರಾಗುತ್ತದೆ. ಒಂದು ಇಂಜಿನ್ನಿಗೆ ಹನ್ನೆರಡು ಪಿನ್ನು ಬೇಕು. ಸೀರೆಯ ಸೆರಗು ಹಿಡಿದುಕೊಂಡು ಬಸ್ಸಿಗೆ ತಡವಾಯಿತೆಂದು ಒದ್ದಾಡುತ್ತಿರುವ ಹೆಂಗಸಿಗೆ ಇದನ್ನೆಲ್ಲ ವಿವರಿಸುವುದು ಹೇಗೆ?

ನಾನು ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟರಾಗಿದ್ದೆ. ನನ್ನ ಜೊತೆಯವರು ಸಂಜೆ ಹೊತ್ತು ಮನೆಪಾಠ ಹೇಳುತ್ತಿದ್ದರು, ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು, ಏನೂ ಇಲ್ಲದವರು ಇಸ್ಪೀಟಾಡುತ್ತಿದ್ದರು. ನಾನು ತಗಡು ಕತ್ತರಿಸುತ್ತಿದ್ದೆ. ಹಾಲಿನಪುಡಿ ಡಬ್ಬಿಯ ತಗಡಿನಿಂದ ಮೈ, ಹಳೆಯ ಅಂಗಿಯ ಗುಂಡಿಯಿಂದ ಚಕ್ರ, ಮುಗಿದ ಬಾಲ್‌ಪೆನ್ನಿನ ರೀಫಿಲ್ಲಿನಿಂದ ಕೊಳವೆ. ನೆಗಡಿ ಮಾತ್ರೆಯ ಪಟ್ಟಿಯಲ್ಲಿ ಮಾತ್ರೆ ತೆಗೆದ ಮೇಲೆ ಉಳಿಯುವ ಗುಳ್ಳೆಯಿದೆಯಲ್ಲ, ಅದಕ್ಕಿಂತ ಒಳ್ಳೆಯ ಹೆಡ್‌ಲೈಟು ಇನ್ನೊಂದಿಲ್ಲ. ಒಮ್ಮೆ ನನಗೆ ನೆಗಡಿ ಬಂದಾಗ ಸರೋಜ, 'ಪಾಪ, ಒಂದು ಇಂಜಿನ್ನಿಗಾಯಿತು' ಎಂದಳು. ಆಗಲೇ ನನ್ನ ಗುಟ್ಟು ರಟ್ಟಾಗಿದೆಯೆಂದು ತಿಳಿದದ್ದು.

ಈ ಹವ್ಯಾಸವನ್ನು ನಾನು ಜಾವಗಲ್ಲಿನಲ್ಲೋ ಅರೇಹಳ್ಳಿಯಲ್ಲೋ ಇದ್ದುಕೊಂಡು ಮಾಡಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಕಲಾವಿದನೆನಿಸಿಕೊಳ್ಳುತ್ತಿದ್ದೆ. ರೈಲಿಲ್ಲದ ಊರಿನಲ್ಲಿ ಡಬ್ಬಿಗೆ ನಾಲ್ಕು ಗುಂಡಿ ಅಂಟಿಸಿ ಇಂಜಿನ್ನು ಎಂದರೂ ಜನ ನಂಬುತ್ತಾರೆ. ಅರಸೀಕೆರೆ ಜಂಕ್ಷನ್ನು. ಇಲ್ಲಿ ಎರಡು ಮನೆಗೆ ಒಂದರಂತೆ ರೈಲ್ವೆಯವರು. ಹಾಲು ತರುವಾತನ ಅಣ್ಣ ಗಾರ್ಡು, ಹೂ ಮಾರುವಾಕೆಯ ಗಂಡ ಗ್ಯಾಂಗ್‌ಮನ್ನು, ಕ್ಷೌರದಂಗಡಿಯವನ ಮಾವ ಫಿಟ್ಟರ್. ನನ್ನ ಮೊದಲ ಇಂಜಿನ್ನನ್ನು ಕಿಟಕಿಯಲ್ಲಿಟ್ಟ ದಿನ ಕೊತ್ತಂಬರಿ ಸೊಪ್ಪಿನವಳು ಬುಟ್ಟಿ ಇಳಿಸಿ ಎರಡು ನಿಮಿಷ ನೋಡಿ, 'ಮುಂದ್ಗಡೆ ಬಫರು ಸೊಟ್ಟಗೈತೆ' ಎಂದು ಹೇಳಿ ಬುಟ್ಟಿ ಹೊತ್ತುಕೊಂಡು ಹೋದಳು.

ಈ ಪರೀಕ್ಷಕರಿಗೆಲ್ಲ ಮುಖ್ಯ ಪರೀಕ್ಷಕರೆಂದರೆ ನಮ್ಮ ಪಕ್ಕದ ಮನೆಯ ಪುಟ್ಟಸ್ವಾಮಪ್ಪನವರು. ಮೀಟರ್‌ಗೇಜ್ ಡೀಸೆಲ್ ಇಂಜಿನ್ನಿನ ಡ್ರೈವರು, ಹಾಸನದ ಲೈನಿನಲ್ಲಿ ಓಡಾಡುತ್ತಿದ್ದವರು. ತಪ್ಪು ಹುಡುಕುವುದರಲ್ಲಿ ಅವರಿಗೆ ದೈವದತ್ತವಾದ ಪ್ರತಿಭೆಯಿತ್ತು. ನನ್ನ ಮೊದಲ ಇಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ಕೇಳಿದರು:

'ಮೇಷ್ಟ್ರೇ, ನೀವು ಸ್ಕೂಲಲ್ಲಿ ಏನ್ ಪಾಠ ಮಾಡೋದು?'

'ಲೆಕ್ಕ.'

'ಈ ಗಾಡಿಗೆ ಒಂದೊಂದು ಕಡೆ ಎಷ್ಟು ಚಕ್ರ ಹಾಕಿದ್ದೀರಿ?'

'ನಾಲ್ಕು.'

'ಆರಿರಬೇಕು' ಎಂದು ಹೇಳಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೊರಟುಹೋದರು. ದಿನಕ್ಕೆ ಎರಡು ಸಲ ಸ್ಟೇಷನ್ನಿನ ಮೇಲೆ ಹಾದು ಸ್ಕೂಲಿಗೆ ಹೋಗುತ್ತಿದ್ದ ನಾನು, ಮಕ್ಕಳಿಗೆ ಎಣಿಕೆ ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದ ನಾನು, ಚಕ್ರ ಎಣಿಸಿರಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ಎರಡನೆಯ ಇಂಜಿನ್ನಿಗೆ ಆರು ಗುಂಡಿ ಹಾಕಿದೆ, ಹೊಗೆ ಹೋಗುವ ಬಾಯಿ ತಪ್ಪು ಜಾಗದಲ್ಲಿತ್ತು. ಮೂರನೆಯದಕ್ಕೆ ಬಾಯಿ ಸರಿಯಾಯಿತು, ಮೆಟ್ಟಿಲು ಎತ್ತರವಾಯಿತು. 'ಇದನ್ನ ಹತ್ತೋಕೆ ಡ್ರೈವರು ಏಣಿ ತರಬೇಕು' ಎಂದರು. ಅವರ ಬಾಯಿಂದ 'ಸರಿ ಐತೆ' ಎಂಬ ಎರಡು ಮಾತು ಕೇಳಿದರೆ ಸಾಕು, ಜನ್ಮ ಸಾರ್ಥಕ ಎಂಬ ಹಂತಕ್ಕೆ ನಾನು ಬಂದಿದ್ದೆ.

ಮನಸ್ಸು ಕೆಟ್ಟಾಗ ನಾನು ಹಳೇಬೀಡಿಗೆ ಹೋಗುತ್ತಿದ್ದೆ. ದೇವರಿಗಿಂತ ಹೆಚ್ಚಾಗಿ ಮಕರಗಳನ್ನು ನೋಡಲು. ಗುಡಿಯ ಗೋಡೆಯಲ್ಲಿ ಸಾಲಾಗಿ ನಿಂತಿರುವ ಆ ಪ್ರಾಣಿಗೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಎಷ್ಟು ಸೂಕ್ಷ್ಮ ಕೆಲಸ! ಒಂದೊಂದು ಗರಿಯೂ ಬೇರೆ ಬೇರೆ. ಮೊದಮೊದಲು ನನಗೆ ಆ ಶಿಲ್ಪಿಗಳ ಮೇಲೆ ಭಕ್ತಿ ಉಕ್ಕುತ್ತಿತ್ತು. ಆಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಯಾಕೆಂದರೆ ಅವರಿಗೆ ಏನು ಭಯ? ಮಕರವನ್ನು ಓಡಿಸಿ ರಿಟೈರಾದವರು ಯಾರೂ ಪಕ್ಕದ ಮನೆಯಲ್ಲಿರಲಿಲ್ಲ. 'ಮಕರಕ್ಕೆ ಬಾಲ ಅಲ್ಲಿರಲ್ಲ ಕಣ್ರೀ' ಎಂದು ಹೇಳುವ ಕೊತ್ತಂಬರಿ ಸೊಪ್ಪಿನವಳಿರಲಿಲ್ಲ. ಬೇಲೂರಿನ ಶಿಲ್ಪಿಗೆ ಮಾತ್ರ ನನ್ನ ಗೌರವ ಹಾಗೇ ಇದೆ. ಅಲ್ಲೊಬ್ಬ ಹಲಸಿನ ಹಣ್ಣಿನ ಮೇಲೆ ನೊಣ ಕೂರಿಸಿ, ಅದನ್ನು ಹಿಡಿಯಲು ಹಲ್ಲಿಯನ್ನೂ ಕೆತ್ತಿದ್ದಾನೆ. ಹಲ್ಲಿಯನ್ನು ಎಲ್ಲರೂ ನೋಡಿರುತ್ತಾರೆ, ತಪ್ಪಿದರೆ ಸಿಕ್ಕಿಬೀಳುತ್ತಾನೆ. ಅವನು ನಮ್ಮವನು.

ಹೀಗಿರುವಾಗ ಕಿರಿದಾದ ಮೀಟರ್‌ಗೇಜ್ ಹಳಿ ಹೋಗಿ ಅಗಲವಾದ ಬ್ರಾಡ್‌ಗೇಜ್ ಬಂತು. ಹಳೆಯ ಹಳಿಗಳನ್ನು ಕಿತ್ತು ಗುಡ್ಡೆ ಹಾಕಿದರು. ಸಣ್ಣ ಇಂಜಿನ್ನುಗಳು ಬೇರೆ ಯಾವುದೋ ಊರಿಗೆ ಹೋದವು. ಪುಟ್ಟಸ್ವಾಮಪ್ಪನವರಿಗೆ ರಿಟೈರಾಗಲು ಕೆಲವೇ ತಿಂಗಳಿದ್ದುದರಿಂದ ಅವರನ್ನು ಹೊಸ ಗಾಡಿಯ ತರಬೇತಿಗೆ ಕಳಿಸದೆ ಆಫೀಸಿನ ಬೆಂಚಿನ ಮೇಲೆ ಕೂರಿಸಿದರು. ಒಂದು ಬೆಳಗ್ಗೆ ಅವರ ಹೆಂಡತಿ ಗೌರಮ್ಮನವರು ನಮ್ಮ ಹಿತ್ತಲ ಬಾಗಿಲಿಗೆ ಬಂದರು.

'ಮೇಷ್ಟ್ರೇ, ನಮ್ಮೆಜಮಾನ್ರು ತಪ್ಪು ಹುಡ್ಕೋದು ಬಿಟ್ಬಿಟ್ಟವ್ರೆ.'

ನನಗೆ ಒಳಗೊಳಗೇ ಸಂತೋಷವಾಯಿತು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಆಕೆಯ ಮುಖ ನೋಡಿದ ಮೇಲೆ ಆ ಸಂತೋಷ ಉಳಿಯಲಿಲ್ಲ.

'ನಿನ್ನೆ ಸಾರಿಗೆ ಬೇಕಂತ್ಲೇ ಉಪ್ಪು ಹಾಕ್ಲಿಲ್ಲ. ಸುಮ್ನೆ ಉಂಡು ಕೈ ತೊಳ್ಕೊಂಡ್ರು. ಮೂವತ್ತು ವರ್ಷದಾಗೆ ಇಂಗೆ ಆಗಿಲ್ಲ. ನಂಗೆ ಭಯ ಆಗ್ತೈತೆ. ಅವ್ರ ಗಾಡಿನ ಒಂದು ಮಾಡ್ಕೊಡಿ. ಹಾರ ಹಾಕೋ ದಿವ್ಸ ಕೈಗೆ ಕೊಡನ. ಒಂದು ಮಾತಾದ್ರೂ ಬೈಲಿ.'

ಅವರ ಗಾಡಿ ಎಂದರೆ ಒಂದು ನಿರ್ದಿಷ್ಟ ಇಂಜಿನ್ನು. ಡೀಸೆಲ್ ಬಂದ ಮೇಲೆ ಇಂಥ ಡ್ರೈವರಿಗೆ ಇಂಥದೇ ಇಂಜಿನ್ನು ಎಂಬ ಕಟ್ಟುಪಾಡೇನೂ ಇರಲಿಲ್ಲ. ಆದರೂ ಹದಿನಾಲ್ಕು ವರ್ಷದಲ್ಲಿ ಅವರ ಪಾಲಿಗೆ ಅದೊಂದೇ ಹೆಚ್ಚಾಗಿ ಬಂದಿತ್ತು, ಅವರು ಅದನ್ನು ತಮ್ಮದೆಂದೇ ತಿಳಿದಿದ್ದರು. ಈಗ ಅದು ಊರಲ್ಲಿಲ್ಲ. ಫೋಟೋ ಒಂದಿತ್ತು. ಆಯುಧಪೂಜೆಯ ದಿನದ್ದು. ಬಾಳೆಕಂದು, ಚೆಂಡುಹೂವಿನ ಹಾರ, ವಿಭೂತಿ, ಕುಂಕುಮದ ನಡುವೆ ಇಂಜಿನ್ನು ಎಲ್ಲಿದೆಯೆಂದು ಹುಡುಕಬೇಕಿತ್ತು. ಪುಟ್ಟಸ್ವಾಮಪ್ಪನವರನ್ನೇ ಕೇಳುವಂತಿಲ್ಲ, ಗುಟ್ಟಿನ ಕೆಲಸ. ತಲೆ ಮೇಲೆ ಕೈ ಹೊತ್ತು ಕೂತೆ.

'ನಾನ್ ಹೇಳ್ತೀನಿ ಬರ್ಕಳಿ' ಎಂದರು ಗೌರಮ್ಮ.

ಆಕೆ ಹೇಳತೊಡಗಿದರು, ನಾನು ದಂಗಾದೆ. ನಂಬರನ್ನು ಮಗ್ಗಿಯಂತೆ ಒಪ್ಪಿಸಿದರು. ಕಿಟಕಿಯ ಕೆಳಗೆ ತಗಡು ನೆಗ್ಗಿ ಅಂಗೈಯಗಲ ಸೊಟ್ಟ. ಮೂರನೆಯ ಮೆಟ್ಟಿಲು ಒಂದು ಕಡೆ ಜಗ್ಗಿದೆ. ಹಿಂದಿನಿಂದ ಎರಡನೆಯ ಬಾಗಿಲಿಗೆ ಬೇರೆ ಡಬ್ಬದ ಬಣ್ಣ ಹೊಡೆದಿದ್ದಾರೆ, ಮಳೆ ಬಂದಾಗ ಮಾತ್ರ ಗೊತ್ತಾಗುತ್ತದೆ. ಡೀಸೆಲ್ ಟ್ಯಾಂಕಿನ ಮೂಲೆಯಲ್ಲಿ ಎಣ್ಣೆ ಇಳಿದ ಕಲೆ, ಒಗ್ಗರಣೆ ಬಾಣಲೆಯ ಹೊರಮೈಯಂತೆ. ಅವರ ಮನೆಯ ಹಿತ್ತಲು ಹಾಸನದ ಲೈನಿಗೆ ಅಂಟಿಕೊಂಡಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತರೆ ಇಂಜಿನ್ನು ಹತ್ತು ಮಾರು ದೂರದಲ್ಲಿ ಹೋಗುತ್ತಿತ್ತು. ಎರಡು ಹಾಳೆ ತುಂಬಿದ ಮೇಲೆ ನಾನು ಕೇಳಿದೆ: 'ಆ ಕಡೆ ಮಗ್ಗುಲು ಹೇಗಿದೆ?'

'ಆ ಕಡೇದು ನಂಗೆಂಗೆ ಗೊತ್ತು? ನಮ್ಮನೆ ಈ ಕಡೆ ಐತಲ್ಲ.'

'ವಾಪಸು ಬರುವಾಗ ಆ ಮಗ್ಗುಲು ಕಾಣುವುದಿಲ್ಲವೇ?'

ನನ್ನ ಗಣಿತವನ್ನು ಕಂಡು ಆಕೆ ಮರುಗಿದಂತೆ ಕಂಡಿತು. ಹಬೆ ಇಂಜಿನ್ನಾದರೆ ಹೋದ ಊರಿನಲ್ಲಿ ದೊಡ್ಡ ತಿರುಗುವ ತಟ್ಟೆಯ ಮೇಲೆ ನಿಲ್ಲಿಸಿ ಮುಖ ತಿರುಗಿಸುತ್ತಾರೆ. ಡೀಸೆಲ್ಲಿಗೆ ಆ ಮಡಿಯಿಲ್ಲ. ಹೋದಂತೆಯೇ ಹಿಂದುಹಿಂದಾಗಿ ಬರುತ್ತದೆ. ಹಾಗಾಗಿ ಹೋಗುವಾಗಲೂ ಬರುವಾಗಲೂ ಗೌರಮ್ಮನವರ ಹಿತ್ತಲಿಗೆ ಕಾಣುತ್ತಿದ್ದುದು ಒಂದೇ ಮಗ್ಗುಲು. ಹದಿನಾಲ್ಕು ವರ್ಷ ಆಕೆ ಅರ್ಧ ಇಂಜಿನ್ನನ್ನು ಪೂರ್ತಿಯಾಗಿ ನೋಡಿದ್ದರು.

ಇನ್ನರ್ಧಕ್ಕೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಮೂವರು ಫಿಟ್ಟರುಗಳನ್ನು ಕೇಳಿದೆ, ನಾಲ್ಕು ಉತ್ತರ ಬಂತು. ಟೀ ಜೊತೆಗೆ ಬೋಂಡಾ ತರಿಸಿದಾಗ ಐದನೆಯದೂ ಬಂತು. ಕೊನೆಗೆ ಆ ಮಗ್ಗುಲನ್ನು ನನ್ನ ಮನಸ್ಸಿಗೆ ತೋಚಿದಂತೆ ಮಾಡಿದೆ, ಹಳೇಬೀಡಿನ ಮಕರದ ಹಾಗೆ. ಡ್ರೈವರ್ ಕೂರುವ ಕೋಣೆಯೊಳಗೆ ಏನೇನಿರುತ್ತದೆಂದು ತಿಳಿಯದೆ ಕಿಟಕಿಗಳಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿಬಿಟ್ಟೆ. ಸರೋಜ ತಾನಾಗಿಯೇ ಹನ್ನೆರಡು ಹೊಸ ಪಿನ್ನು ತಂದು ಮೇಜಿನ ಮೇಲಿಟ್ಟಳು. 'ಇದು ಆ ಯಮ್ಮನಿಗೋಸ್ಕರ, ನಿಮಗಲ್ಲ' ಎಂದಳು.

ಬೀಳ್ಕೊಡುಗೆಯ ದಿನ ಬಂತು. ಪುಟ್ಟಸ್ವಾಮಪ್ಪನವರು ಬರುವುದಿಲ್ಲ ಎಂದು ಹಟ ಹಿಡಿದರೂ ಜೊತೆಯವರು ಮನೆಗೇ ಬಂದು ಕರೆದೊಯ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮಧ್ಯಾಹ್ನ ಮನೆಯ ಜಗುಲಿಯಲ್ಲಿ ಕೂತಿದ್ದಾಗ ನಾನು ಇಂಜಿನ್ನನ್ನು ಅವರ ಮುಂದಿಟ್ಟೆ. ಗೌರಮ್ಮನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಪುಟ್ಟಸ್ವಾಮಪ್ಪನವರು ನೋಡಿದರು. ನಂಬರು ಓದಿದರು. ನೆಲಕ್ಕಿಳಿದು, ಶಾಲು ಹೊದ್ದಿದ್ದಂತೆಯೇ ಕೆನ್ನೆಯನ್ನು ಗಾರೆನೆಲಕ್ಕೆ ಒತ್ತಿ ಚಕ್ರ ಎಣಿಸಿದರು. ಮೊದಲು ನೋಡಿದ್ದು ನಾನು ಕಲ್ಪಿಸಿಕೊಂಡ ಮಗ್ಗುಲನ್ನು. ಇಂಚಿಂಚೂ ನೋಡಿ, 'ಸರಿ ಐತೆ' ಎಂದರು. ಇಷ್ಟು ವರ್ಷ ಕಾದಿದ್ದ ಮಾತು! ಸುಳ್ಳಿಗೆ ಸಿಕ್ಕಿತು. ಆಮೇಲೆ ಇಂಜಿನ್ನನ್ನು ತಿರುಗಿಸಿ, ನಿಜವಾದ ಮಗ್ಗುಲನ್ನು ನೋಡಿ ಹುಬ್ಬು ಗಂಟಿಕ್ಕಿದರು.

'ಇದೇನ್ ಮೇಷ್ಟ್ರೇ ಸೊಟ್ಟ? ನನ್ ಗಾಡಿಗೆ ಸೊಟ್ಟ ಇರ್ಲಿಲ್ಲ.'

'ಇತ್ತು' ಎಂದರು ಗೌರಮ್ಮ.

'ನಿಂಗೇನೇ ಗೊತ್ತು? ಹದಿನಾಲ್ಕು ವರ್ಷ ಓಡ್ಸಿದೋನು ನಾನು.'

'ಹದಿನಾಲ್ಕು ವರ್ಷ ನೋಡ್ದೋಳು ನಾನು. ನೀವ್ ಒಳಗಿದ್ರಿ. ಹೊರಗೆ ಸೊಟ್ಟ ಐತೋ ಪಟ್ಟ ಐತೋ ನಿಮಗೆಂಗ್ ಕಾಣ್ತೈತೆ?'

ಸೊಟ್ಟದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಣ್ಣಕ್ಕೆ ಜಗಳ ಏರಿತು. ಪುಟ್ಟಸ್ವಾಮಪ್ಪನವರು ಒಂದೊಂದನ್ನೂ ಸುಳ್ಳೆಂದರು, ಗೌರಮ್ಮನವರು ಒಂದೊಂದಕ್ಕೂ ಸಾಕ್ಷಿ ಕೊಟ್ಟರು. ಆಕೆಯ ಮುಖ ಹಬ್ಬದ ದಿನದಂತೆ ಕಳೆಗಟ್ಟಿತ್ತು. ಗಂಡ ಬೈಯುತ್ತಿದ್ದ! ಇದ್ದಕ್ಕಿದ್ದಂತೆ ಅವರು ಬೈಯುವುದನ್ನು ನಿಲ್ಲಿಸಿ ಕೇಳಿದರು:

'ನೀನ್ ಯಾವಾಗ ನೋಡ್ತಿದ್ದೆ ಇದನ್ನೆಲ್ಲ?'

'ದಿನಾ. ಕಲ್ಲತ್ರ ನಿಂತ್ಕಂಡು. ಹೋಗೋವಾಗೊಂದು ಕಿತ, ಬರೋವಾಗೊಂದು ಕಿತ.'

'ನಂಗೊತ್ತೇ ಇಲ್ವಲ್ಲೇ.'

'ನೀವು ಈ ಕಡೆ ಎಲ್ಲಿ ತಿರುಗಿ ನೋಡ್ತಿದ್ರಿ?'

'ಅಲ್ಲೇ ಸಿಗ್ನಲ್ ಐತೆ' ಎಂದರು ಪುಟ್ಟಸ್ವಾಮಪ್ಪ, ಅಪರಾಧಿಯ ಹಾಗೆ. 'ಹೋಗೋವಾಗ್ಲೂ ಸಿಗ್ನಲ್ ನೋಡ್ಬೇಕು, ಬರೋವಾಗ್ಲೂ ಸಿಗ್ನಲ್ ನೋಡ್ಬೇಕು. ಗಾಡಿ ಓಡ್ತಿರೋವಾಗ ಡ್ರೈವರು ಬೇರೆ ಕಡೆ ನೋಡಂಗಿಲ್ಲ.'

'ನೋಡಿದ್ರೆ ನಾನೇ ಬೈತಿದ್ದೆ ಬಿಡಿ' ಎಂದು ಗೌರಮ್ಮನವರು ಕಾಫಿ ತರಲು ಒಳಗೆ ಹೋದರು. ಕಾಫಿ ಬರಲು ಮಾಮೂಲಿಗಿಂತ ತಡವಾಯಿತು.

ಪುಟ್ಟಸ್ವಾಮಪ್ಪನವರು ಕಿಟಕಿಯ ಕಪ್ಪು ಕಾಗದವನ್ನು ಬೆರಳಿನಿಂದ ತಟ್ಟಿ, 'ಒಳಗೆ ಏನಿಟ್ಟಿದ್ದೀರಿ?' ಎಂದರು. ಏನೂ ಇಲ್ಲ ಎಂದೆ. 'ಮತ್ತೆ ಓಡಿಸ್ತಿರೋನು ಯಾರು?' ಎಂದರು.

ಮುಂದಿನ ಒಂದು ವಾರ ಅವರು ಹೇಳಿದಂತೆ ನಾನು ಒಳಗಡೆಯನ್ನು ಕಟ್ಟಿದೆ. ಬ್ರೇಕಿನ ಹಿಡಿ, ಗಡಿಯಾರದಂಥ ಮೀಟರುಗಳು, ಊಟದ ಡಬ್ಬಿ ಇಡುವ ಮೂಲೆ, ಬೆನ್ನಿಗೆ ಒತ್ತುತ್ತಿದ್ದ ಸೀಟು. ಹದಿನೆಂಟು ತಪ್ಪು ಹಿಡಿದರು, ಒಂದೊಂದೂ ನ್ಯಾಯವಾಗಿತ್ತು. ಗೌರಮ್ಮನವರು ಒಂದು ಕಣ್ಣು ಮುಚ್ಚಿ ಕಿಟಕಿಯಲ್ಲಿ ಇಣುಕಿ, 'ಇಷ್ಟೇ ಜಾಗವಾ? ಇದ್ರಾಗೇ ಕೂತಿರ್ತಿದ್ರಾ?' ಎಂದು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ತಂತಿಯ ಮೈ, ಮಣಿಯ ತಲೆಯ ಒಬ್ಬ ಡ್ರೈವರನ್ನು ಮಾಡಿ, ಮುಖ ಯಾವ ಕಡೆಗಿರಲಿ ಎಂದು ಕೇಳಿದೆ.

'ಮುಂದಕ್ಕೆ. ಸಿಗ್ನಲ್ ಕಡೆಗೆ' ಎಂದರು ಪುಟ್ಟಸ್ವಾಮಪ್ಪ ಕಟ್ಟುನಿಟ್ಟಾಗಿ. 'ಅದ್ರಾಗೆ ತಪ್ಪು ಮಾಡ್ಬೇಡಿ.'

ಹಾಗೆಯೇ ಅಂಟಿಸಿ, ಗೋಂದು ಒಣಗಲಿ ಎಂದು ಅವರ ಮನೆಯ ಕಿಟಕಿಯಲ್ಲಿಟ್ಟು ಬಂದೆ. ಮರುದಿನ ಹೋಗಿ ನೋಡಿದರೆ ಮಣಿಯ ತಲೆ ಪೂರ್ತಿ ಪಕ್ಕಕ್ಕೆ ತಿರುಗಿತ್ತು. ಸೊಟ್ಟವಿರುವ ಮಗ್ಗುಲಿನ ಕಡೆಗೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಪುಟ್ಟಸ್ವಾಮಪ್ಪನವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು.

ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನಗೊಂದು ಅವಕಾಶ ಸಿಕ್ಕಿತ್ತು. ಗಂಟಲು ಸರಿಮಾಡಿಕೊಂಡು ಹೇಳಿದೆ: 'ಇಲ್ಲೊಂದು ತಪ್ಪಿದೆಯಲ್ಲ, ಡ್ರೈವರು ಸಿಗ್ನಲ್ ಬಿಟ್ಟು ಬೇರೆ ಕಡೆ ನೋಡುತ್ತಿದ್ದಾನೆ.'

ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ.

'ಗಾಡಿ ಈಗ ನಿಂತೈತೆ ಮೇಷ್ಟ್ರೇ' ಎಂದರು. 'ನಿಂತಿದ್ದಾಗ ನೋಡ್ಬೋದು.'