ಹಲ್ಲು ಕಟ್ಟುವವನ ಮಗಳು

ಆರ್ಲಿಸ್ ಕಾಡಿಲ್‌ನ ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ ಎಂದು ನಮ್ಮ ಕೊಳ್ಳದವರು ಹೇಳುತ್ತಿದ್ದರು. ಅದು ಹೊಗಳಿಕೆಯಲ್ಲ. ಕೆಂಟಕಿಯ ಈ ಬೆಟ್ಟಗಳ ಸಂದಿಯಲ್ಲಿ ನಲವತ್ತು ದಾಟಿದವರೆಲ್ಲ ಕೈ ಅಡ್ಡ ಹಿಡಿದೇ ನಗುವುದು. ಕೆಲವರು ಹಲ್ಲಿಲ್ಲವೆಂದು, ಕೆಲವರು ಕಟ್ಟಿಸಿದ ಹಲ್ಲು ಎಲ್ಲಿ ಜಾರಿ ಬೀಳುತ್ತದೋ ಎಂದು.

"ಮೂವತ್ತೆರಡೂ ತೋರಿಸ್ತಾಳೆ, ನಮ್ಮನ್ನ ಹಂಗಿಸೋಕೆ," ಎನ್ನುತ್ತಿದ್ದಳು ಎದುರು ಮನೆಯ ಡೆಲ್ಸಿ. ಡೆಲ್ಸಿಯ ಬಾಯಲ್ಲಿದ್ದ ಹಲ್ಲು ಒಂದೊಂದನ್ನೂ ಆರ್ಲಿಸ್ ಕಟ್ಟಿದ್ದ. ಹಾಗೆ ನೋಡಿದರೆ ಕೊಳ್ಳದ ಅರ್ಧ ಜನ ಅಗಿಯುತ್ತಿದ್ದದ್ದು ಅವನ ಕೈಕೆಲಸದಲ್ಲೇ.

ಆರ್ಲಿಸ್‌ನ ಮನೆಯ ಹಿಂದೆ ತಗಡಿನ ಶೆಡ್ಡು. ಪೇಟೆಯ ಮುದುಕ ದಂತವೈದ್ಯ ಪ್ರೂಯಿಟ್ ಹಲ್ಲು ಕಿತ್ತು ಅಚ್ಚು ತೆಗೆದು ಕಳಿಸುತ್ತಿದ್ದ. ಆರ್ಲಿಸ್ ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಎರಕ ಹೊಯ್ದು, ಪಾಲಿಶ್ ಚಕ್ರಕ್ಕೆ ಹಿಡಿಯುತ್ತಿದ್ದ. ಚಕ್ರಕ್ಕೆ ಕಟ್ಟಿದ ಹಲ್ಲಿನ ಸೆಟ್ಟು ಒತ್ತಿದಾಗ ಸದ್ದು ದಪ್ಪ, ಗೊರ್ ಎನ್ನುತ್ತದೆ. ಬರಿದೇ ತಿರುಗಿದರೆ ಸಣ್ಣಗೆ ಕೀರಲು ಸದ್ದು ಹೊರಡುತ್ತದೆ. ನಮ್ಮಲ್ಲಿ ಮಕ್ಕಳಿಗೂ ಈ ವ್ಯತ್ಯಾಸ ಗೊತ್ತು. ದಪ್ಪ ಸದ್ದು ಬರುವಾಗ ಆರ್ಲಿಸ್‌ನನ್ನು ಮಾತಾಡಿಸಬಾರದು, ಕೈ ಕೆಡುತ್ತದೆ. ಕೀರಲು ಸದ್ದು ಬರುವಾಗ ಖಂಡಿತ ಮಾತಾಡಿಸಬಾರದು. ಕೈಯಲ್ಲಿ ಕೆಲಸ ಹಿಡಿಯಲಾಗದಷ್ಟು ಅವನ ತಲೆ ಕೆಟ್ಟಿದೆ ಎಂದೇ ಅರ್ಥ.

ಮಗಳು ಟ್ಯಾಬಿತಾ ಬೆಳೆದದ್ದು ಆ ಶೆಡ್ಡಿನಲ್ಲಿ. ತಾಯಿ ಬೇಗ ತೀರಿಹೋದಳು. ಅಪ್ಪ ಹಲ್ಲು ಜೋಡಿಸುವಾಗ ಮಗಳು ಡಬ್ಬಿಯಲ್ಲಿದ್ದ ಬಿಡಿ ಹಲ್ಲುಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ಮನೆಯಲ್ಲಿ ಮೂರನೆಯವಳು ಆರ್ಲಿಸ್‌ನ ತಾಯಿ, ಓರ್ಫಾ ಅಜ್ಜಿ.

ಅಜ್ಜಿಯ ಹಲ್ಲಿನ ಕಥೆ ಹೇಳದಿದ್ದರೆ ಮುಂದೆ ಅಪ್ಪ ಮಗಳ ನಡುವೆ ಎದ್ದ ಜಗಳದ ಬುಡ ಸಿಗುವುದಿಲ್ಲ. ಹದಿನೆಂಟಕ್ಕೆ ಅವಳ ಮದುವೆ ಗೊತ್ತಾಯಿತು. ಆಗ ನಮ್ಮ ಕಡೆ ಮದುವೆಗೆ ಮುಂಚೆ ಹುಡುಗಿಯ ಹಲ್ಲನ್ನೆಲ್ಲ ಕೀಳಿಸಿ ಹೊಸ ಸೆಟ್ಟು ಹಾಕಿಸಿ ಕಳಿಸುವವರಿದ್ದರು. ಮುಂದೆ ಹಲ್ಲುನೋವೆಂದು ಗಂಡನ ಮನೆಗೆ ಭಾರವಾಗಬಾರದಲ್ಲ, ಅದಕ್ಕೆ. ತಂದೆ ಕೊಡುವ ಉಡುಗೊರೆ ಅದು. ಓರ್ಫಾಳ ಹಲ್ಲು ಒಂದೂ ಹುಳುಕಾಗಿರಲಿಲ್ಲ. ಒಂದೇ ಬೆಳಿಗ್ಗೆಯಲ್ಲಿ ಇಪ್ಪತ್ತೆಂಟನ್ನೂ ಕಿತ್ತರು. ಬೇರಿಲ್ಲದ ದವಡೆಯ ಮೂಳೆ ವರ್ಷ ವರ್ಷವೂ ಸವೆಯುತ್ತದೆ. ಅರವತ್ತು ವರ್ಷದಲ್ಲಿ ಅವಳ ಕೆಳದವಡೆ ತಟ್ಟೆಯ ಹಾಗೆ ಸಪಾಟಾಯಿತು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುತ್ತಿತ್ತು. ಕೆಳಗಿನದು ನಾಲಿಗೆಯ ಮೇಲೆ ದೋಣಿಯಂತೆ ತೇಲುತ್ತಿತ್ತು. ಅಜ್ಜಿ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಹತ್ತೂರಿಗೆ ಹಲ್ಲು ಕಟ್ಟಿದ ಮಗ, ತಾಯಿಗೆ ಐದು ಸಲ ಕೆಳಸೆಟ್ಟು ಕಟ್ಟಿದ. ಆ ಮನೆಯಲ್ಲಿ ಅದರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಟ್ಯಾಬಿತಾ ದಂತವೈದ್ಯಕೀಯದ ಕೊನೆಯ ವರ್ಷಕ್ಕೆ ಬಂದಳು. ಪ್ರೂಯಿಟ್‌ಗೆ ಎಪ್ಪತ್ತು ದಾಟಿ ಕೈ ನಡುಗತೊಡಗಿತ್ತು. ಜೂನ್‌ನಿಂದ ನನ್ನ ಕುರ್ಚಿ ನಿನ್ನ ಮಗಳಿಗೆ ಎಂದು ಅವನು ಆರ್ಲಿಸ್‌ಗೆ ಮಾತು ಕೊಟ್ಟ. ಮಗಳ ಪರವಾಗಿ ಆರ್ಲಿಸ್ ಹೂಂ ಎಂದ. ಅಷ್ಟಕ್ಕೇ ನಿಲ್ಲಿಸದೆ ನವೆಂಬರ್‌ನಲ್ಲೇ ಪೇಂಟರನ್ನು ಕರೆಸಿ, ಪ್ರೂಯಿಟ್‌ನ ಕ್ಲಿನಿಕ್ಕಿನ ಗಾಜಿನ ಕಿಟಕಿಯ ಮೇಲೆ ಚಿನ್ನದ ಬಣ್ಣದಲ್ಲಿ ಡಾಕ್ಟರ್ ಟ್ಯಾಬಿತಾ ಕಾಡಿಲ್ ಎಂದು ಬರೆಸಿದ. ಮಗಳನ್ನು ಒಂದು ಮಾತು ಕೇಳಿರಲಿಲ್ಲ.

ಮಗಳು ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದಳು. ಡಿಗ್ರಿ ಮುಗಿದ ಮೇಲೆ ಇನ್ನೊಂದು ವರ್ಷ ಆಸ್ಪತ್ರೆಯಲ್ಲೇ ಇದ್ದು ಕೈಕೆಲಸ ಕಲಿಯುವ ರೆಸಿಡೆನ್ಸಿ ಮಾಡಿ ಇಂಪ್ಲಾಂಟ್ ಕಲಿಯಬೇಕು ಎಂದು ಮೂರು ಕಡೆ ಅರ್ಜಿ ಹಾಕಿ, ಮೂರು ಕಡೆ ಸಂದರ್ಶನಕ್ಕೂ ಹೋಗಿ ಬಂದಿದ್ದಳು. ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟೇನಿಯಂ ತಿರುಪು. ಎರಡು ತಿರುಪು ಕೂರಿಸಿದರೆ ತೇಲುವ ಕೆಳಸೆಟ್ಟು ಅದಕ್ಕೆ ಅಂಗಿಯ ಗುಂಡಿಯಂತೆ ಕಚ್ಚಿ ನಿಲ್ಲುತ್ತದೆ.

ಹೋದಲ್ಲೆಲ್ಲ ಅವಳು ದೊಡ್ಡ ಡಾಕ್ಟರುಗಳ ಭಾಷಣ ಮುಗಿಯುವತನಕ ಸುಮ್ಮನಿದ್ದು, ಆಮೇಲೆ ಅಲ್ಲಿ ಕಲಿಯುತ್ತಿದ್ದವರನ್ನು ಬದಿಗೆ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನಿಮ್ಮ ಸ್ವಂತ ಕೈಯಿಂದ ಎಷ್ಟು ಕೂರಿಸಿದೀರಿ?"

ದೊಡ್ಡ ನಗರದ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಒಬ್ಬ ಹುಡುಗ ಅತ್ತಿತ್ತ ನೋಡಿ ನಕ್ಕ. "ಕೂರಿಸೋದಾ? ನಾವು ಎಂಜಲು ಹೀರೋ ಕೊಳವೆ ಹಿಡ್ಕೊಂಡು ನಿಂತ್ಕೋತೀವಿ. ಸರ್ಜರಿಯವರು, ವಸಡಿನವರು, ಎಲ್ಲಾ ಕಲಿಯೋರೂ ಇದೇ ಕಟ್ಟಡದಲ್ಲಿದಾರೆ. ಕೇಸೆಲ್ಲ ಅವ್ರಿಗೆ. ನಮಗೆ ನೋಡೋ ಭಾಗ್ಯ."

ಟೆನೆಸ್ಸಿಯ ನದೀತೀರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ, ಬಣ್ಣ ಕಿತ್ತ ಗೋಡೆಗೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಹುಡುಗಿಯೊಬ್ಬಳು ಬೆರಳು ಮಡಚಿ ಎಣಿಸಿದಳು. "ಮೂವತ್ನಾಲ್ಕು. ಎರಡು ಕೆಟ್ಟೋದ್ವು. ಅದನ್ನೂ ನಾನೇ ತೆಗೆದೆ. ಇಲ್ಲಿ ನಮ್ಮನ್ನ ಬಿಟ್ರೆ ಬೇರೆ ಕಲಿಯೋರು ಯಾರೂ ಇಲ್ಲ. ಜಾಸ್ತಿ ಬರೋದು ಮುದುಕ್ರು, ಕೆಳಗಿನ ಸೆಟ್ಟು ನಿಲ್ಲಲ್ಲ ಅಂತ."

ಟ್ಯಾಬಿತಾಳ ಮನಸ್ಸು ನಿಂತದ್ದು ಅಲ್ಲಿ. ಆದರೆ ಮನಸ್ಸು ನಿಂತರೆ ಸಾಲದು. ಅರ್ಜಿ ಹಾಕಿದವರು ತಮಗೆ ಬೇಕಾದ ಜಾಗಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿ ಕಳಿಸಬೇಕು. ಆಸ್ಪತ್ರೆಗಳೂ ಹಾಗೆಯೇ ಕಳಿಸುತ್ತವೆ. ಕಂಪ್ಯೂಟರು ಎರಡನ್ನೂ ತಾಳೆ ಹಾಕಿ ಎಲ್ಲಿಗೆ ಹೇಳುತ್ತದೋ ಅಲ್ಲಿಗೆ ಹೋಗಲೇಬೇಕು. ಪಟ್ಟಿ ಕಳಿಸಲು ಜನವರಿಯ ಮೊದಲ ಶುಕ್ರವಾರ ಕೊನೆ. ಕ್ರಿಸ್‌ಮಸ್ ಕಳೆದ ಭಾನುವಾರ, ಚರ್ಚಿನಿಂದ ಬಂದ ಮೇಲೆ, ಊಟಕ್ಕೆ ಕೂತಾಗ ಅವಳು ಮನೆಯಲ್ಲಿ ವಿಷಯ ತೆಗೆದಳು. ಅವತ್ತು ಪ್ರೂಯಿಟ್ ಬಂದಿದ್ದ, ಡೆಲ್ಸಿಯೂ ಇದ್ದಳು. ಬೀನ್ಸ್ ಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು, ಬೀಟ್‌ರೂಟಿನ ಉಪ್ಪಿನಕಾಯಿ ಟೇಬಲ್ಲಿನ ಮೇಲಿದ್ದವು. ಅಜ್ಜಿ ಎಂದಿನಂತೆ ಒಳಗೆ, ಗೋಡೆಯ ಕಡೆಗೆ.

"ಗಾಜಿನ ಮೇಲೆ ಬಣ್ಣ ಒಣಗಿದೆ. ಹೋಗಿ ನೋಡ್ಕೊಂಡು ಬಾ," ಎಂದ ಆರ್ಲಿಸ್.

"ಕೇಳಿ ಬರೆಸಿದ್ರೆ ಒಣಗೋಕೆ ಮುಂಚೇನೇ ಬೇಡ ಅಂತಿದ್ದೆ, ಅಪ್ಪ. ನಾನು ಜೂನ್‌ಗೆ ಬರಲ್ಲ." ಅವಳು ರೆಸಿಡೆನ್ಸಿಯ ವಿಷಯವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಪ್ರೂಯಿಟ್ ಚಮಚ ಕೆಳಗಿಟ್ಟ.

"ಎಂಟು ವರ್ಷ ಓದಿದೀಯ," ಎಂದ ಪ್ರೂಯಿಟ್. "ನಾನು ಕಾಲೇಜು ಬಿಟ್ಟ ಮಾರನೇ ವಾರ ಇಲ್ಲಿ ಹಲ್ಲು ಕೀಳ್ತಿದ್ದೆ."

"ಗೊತ್ತು ಡಾಕ್ಟ್ರೇ. ನೀವು ಕಿತ್ತಿದ್ದು ಇಡೀ ಕೊಳ್ಳದಲ್ಲಿ ಕಾಣ್ಸುತ್ತೆ."

"ನಮ್ಮ ದವಡೆಗೆ ಮೊಳೆ ಹೊಡೀತಾಳಂತೆ ಕಣ್ರೀ!" ಎಂದು ಡೆಲ್ಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಆಮೇಲೆ ನಮ್ಮನ್ನ ಗೋಡೆಗೂ ನೇತುಹಾಕ್ಬೋದು."

ಆರ್ಲಿಸ್ ನಗಲಿಲ್ಲ. "ಹೋಗಲೇಬೇಕಾದ್ರೆ ಆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗು. ನಾಲ್ಕು ಜನಕ್ಕೆ ಹೇಳ್ಕೊಳ್ಳೋಕಾದ್ರೂ ಹೆಸರಿದೆ."

"ಅಲ್ಲಿ ಒಂದು ವರ್ಷ ಕೊಳವೆ ಹಿಡ್ಕೊಂಡು ನಿಂತ್ರೆ ನನಗೇನು ಬರುತ್ತೆ? ಕಾಲೇಜಲ್ಲಿ ಪ್ಲಾಸ್ಟಿಕ್ ದವಡೆಗೆ ಹನ್ನೆರಡು ಕೂರಿಸಿದೀನಿ. ಮನುಷ್ಯರಿಗೆ ಒಂದು. ಅದೂ ಮೇಷ್ಟ್ರು ನನ್ನ ಕೈ ಹಿಡ್ಕೊಂಡಿದ್ರು. ನಾನು ಆ ಚಿಕ್ಕ ಆಸ್ಪತ್ರೆನೇ ಮೊದಲು ಬರೀತೀನಿ."

"ನಲವತ್ತು ವರ್ಷ ಈ ಕೈ ಕಟ್ಟಿದ್ದೆಲ್ಲ ದಂಡ ಅಂತ ಹೇಳ್ತಿದೀಯ. ಅಷ್ಟೇ ತಾನೆ?"

"ನಾನು ಹಾಗನ್ಲಿಲ್ಲ."

"ಅಂದೆ. ನನ್ನ ಮನೇಲಿ ನನ್ನ ಅನ್ನ ತಿಂತಾ ಅಂದೆ."

ಅಡುಗೆಮನೆಯಲ್ಲಿ ಕುರ್ಚಿ ಸರಿಯಿತು. ಓರ್ಫಾ ಅಜ್ಜಿ ಹೊರಗೆ ಬಂದಳು. ತುಟಿ ಒಳಕ್ಕೆ ಮಡಚಿತ್ತು. ಜೇಬಿನಿಂದ ಕೆಳಸೆಟ್ಟು ತೆಗೆದು, ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಡೆಲ್ಸಿ ಮುಖ ತಿರುಗಿಸಿದಳು.

"ಆರ್ಲಿಸ್, ಇದು ಎಷ್ಟನೇದು?"

"ಅಮ್ಮಾ, ಊಟದ ಟೇಬಲ್ ಮೇಲೆ ಬೇಡ."

"ಎಷ್ಟನೇದು ಅಂದೆ."

"ಐದು."

"ಐದರಲ್ಲಿ ಒಂದಾದ್ರೂ ನಿಂತ್ಕೊಂತಾ?"

ಆರ್ಲಿಸ್ ಎದ್ದು ನಿಂತ. ಅವನ ಕತ್ತು ಕೆಂಪಾಗಿತ್ತು. "ಆ ಮೂಳೆ ಮೇಲೆ ದೇವರೇ ಬಂದು ಕಟ್ಟಿದ್ರೂ ನಿಲ್ಲಲ್ಲ!"

"ಹೂಂ," ಎಂದಳು ಅಜ್ಜಿ. "ಅವಳೂ ಅದನ್ನೇ ಹೇಳ್ತಿರೋದು."

ಪ್ರೂಯಿಟ್ ಟೋಪಿ ಹುಡುಕತೊಡಗಿದ. ಅಜ್ಜಿ ಸೆಟ್ಟನ್ನು ಏಪ್ರನ್ನಿನಿಂದ ಒರೆಸಿ ಮತ್ತೆ ಜೇಬಿಗೆ ಇಳಿಸಿದಳು.

"ನನ್ನಪ್ಪ ನನ್ನನ್ನ ಕೇಳಿರ್ಲಿಲ್ಲ. ಮದುವೆಗೆ ಉಡುಗೊರೆ ಅಂದ. ನೀನೂ ಇವಳನ್ನ ಕೇಳಲಿಲ್ಲ, ಗಾಜಿನ ಮೇಲೆ ಬರೆಸ್ಬಿಟ್ಟೆ. ಅದೂ ಉಡುಗೊರೆನೇ." ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. ದನಿ ಇನ್ನೂ ಗಡುಸಾಯಿತು. "ನೀನು ಹಲ್ಲು ಕಿರೀಬೇಡ. ಅಜ್ಜಿಗೋಸ್ಕರ ಹೋಗ್ತೀನಿ ಅಂತ ನನ್ನ ನೆಪ ಹೇಳ್ಲೂಬೇಡ. ಎಂಬತ್ತರ ಹತ್ರ ಬಂದಿದೀನಿ, ನನ್ನ ದವಡೆಗೆ ಇನ್ಯಾರೂ ಕೈ ಹಾಕಕೂಡದು. ಹೋಗೋದಾದ್ರೆ ನಿನಗೋಸ್ಕರ ಹೋಗು. ಬೈಗುಳ ತಿನ್ನೋದೂ ನೀನೇ ತಿನ್ನು."

ಆರ್ಲಿಸ್ ಶೆಡ್ಡಿನ ಕಡೆ ಹೊರಟವನು ಬಾಗಿಲಲ್ಲಿ ನಿಂತು, ತಿರುಗದೆಯೇ ಹೇಳಿದ. "ಆ ಪಟ್ಟಿ ಕಳಿಸು. ಕಳಿಸಿದ ಮೇಲೆ ಈ ಮನೇಲಿ ನಿನ್ನ ಹಾಸಿಗೆ ಇರಲ್ಲ."

ಟ್ಯಾಬಿತಾ ಮೂರು ದಿನ ತಡೆದಳು. ನಮ್ಮ ಕೊಳ್ಳದಲ್ಲಿ ಇಂಟರ್‌ನೆಟ್ ಸರಿಯಾಗಿ ಸಿಗುವುದಿಲ್ಲ. ಬುಧವಾರ ಪೇಟೆಯ ಗ್ರಂಥಾಲಯದ ಎದುರು ಕಾರು ನಿಲ್ಲಿಸಿ, ಕಾರಿನೊಳಗೆ ಕೂತೇ ಪಟ್ಟಿ ಕಳಿಸಿದಳು. ನದೀತೀರದ ಆಸ್ಪತ್ರೆ ಮೊದಲನೆಯದು. ಅಂಥದ್ದೇ ಇನ್ನೊಂದು ಚಿಕ್ಕ ಕ್ಲಿನಿಕ್ಕು ಎರಡನೆಯದು. ದೊಡ್ಡ ವಿಶ್ವವಿದ್ಯಾಲಯದ ಹೆಸರನ್ನು ಬರೆಯಲೇ ಇಲ್ಲ. ಬರೆದು, ಕಂಪ್ಯೂಟರು ಅಲ್ಲಿಗೇ ಕೊಟ್ಟುಬಿಟ್ಟರೆ ಆ ವರ್ಷ ಹೋದ ಹಾಗೆಯೇ. ಎರಡೂ ಸಿಗದಿದ್ದರೆ ಅತ್ತ ರೆಸಿಡೆನ್ಸಿಯೂ ಇಲ್ಲ, ಇತ್ತ ಕುರ್ಚಿಯೂ ಇಲ್ಲ, ಮನೆಯಂತೂ ಇಲ್ಲವೇ ಇಲ್ಲ. ಅದು ಗೊತ್ತಿದ್ದೇ ಒತ್ತಿದಳು. ಅವಳು ಕೂತ ಜಾಗದಿಂದ ಪ್ರೂಯಿಟ್‌ನ ಕಿಟಕಿಯ ಚಿನ್ನದ ಅಕ್ಷರ ಕಾಣುತ್ತಿತ್ತು.

ಜನವರಿ ಕೊನೆಯಲ್ಲಿ ಉತ್ತರ ಬಂತು. ಮೊದಲನೆಯದೇ ಸಿಕ್ಕಿತ್ತು.

ಮಾರನೆಯ ದಿನ ಆರ್ಲಿಸ್ ಬ್ಲೇಡು ಹಿಡಿದು ಪೇಟೆಗೆ ಹೋಗಿ ಗಾಜಿನ ಮೇಲಿನ ಹೆಸರನ್ನು ತಾನೇ ಕೆರೆದ. ಅಷ್ಟು ಚೊಕ್ಕಟ ಕೈಯವನು ಅವತ್ತು ಅರ್ಧಂಬರ್ಧ ಕೆರೆದು ಬಂದ. ಬಿಸಿಲು ಬಿದ್ದಾಗ ಅಕ್ಷರಗಳ ಗೀರು ಈಗಲೂ ಓದಲು ಬರುತ್ತದೆ. ಪ್ರೂಯಿಟ್ ಕ್ಲಿನಿಕ್ಕಿನ ಬಾಗಿಲು ಮುಚ್ಚಿದ. ನಮಗೆ ಹಲ್ಲು ನೋವಾದರೆ ಒಂದು ಗಂಟೆ ಕಾರು ಓಡಿಸಬೇಕಾಯಿತು. ಕೆನ್ನೆ ಊದಿದವರೆಲ್ಲ ಟ್ಯಾಬಿತಾಳ ಹೆಸರು ಹಿಡಿದು ಬೈದರು. ನಾವೂ ಬೈದೆವು, ಸುಳ್ಳೇಕೆ ಹೇಳಬೇಕು. "ದೊಡ್ಡ ಕಡೆಯವ್ರು ಬೇಡ ಅಂದ್ರಂತೆ, ಪಾಪ, ಅದಕ್ಕೇ ಯಾವುದೋ ಹಾಳೂರಿನ ಆಸ್ಪತ್ರೆ," ಎಂದು ಡೆಲ್ಸಿ ಚರ್ಚಿನಲ್ಲಿ ಹಬ್ಬಿಸಿದಳು. ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. ಈಸ್ಟರಿಗೆ ಬಂದಾಗ ಟ್ಯಾಬಿತಾಳ ಪಕ್ಕದ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಪಾದ್ರಿಯ ಹೆಂಡತಿ ಕೂಡ ಎರಡು ಸಾಲು ಹಿಂದೆ ಸರಿದಳು.

ಜೂನ್‌ನಲ್ಲಿ ಟ್ಯಾಬಿತಾ ಉಳಿದ ಸಾಮಾನು ಒಯ್ಯಲು ಬಂದಳು. ಆ ಮನೆಯ ಮೆಟ್ಟಿಲನ್ನು ಅವಳು ತುಳಿದದ್ದು ಅದೇ ಕೊನೆ. ಆರ್ಲಿಸ್ ಮುಖ ತೋರಿಸಲಿಲ್ಲ. ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಚಕ್ರ ಗೊರ್ ಎನ್ನುತ್ತಲೇ ಇತ್ತು. ಅವಳ ಮಂಚದ ಹಾಸಿಗೆಯನ್ನು ಅವನು ನಿಜಕ್ಕೂ ತೆಗೆಸಿಬಿಟ್ಟಿದ್ದ. ಬರಿಯ ಹಲಗೆಯ ಮೇಲೆ ಅವಳ ಪುಸ್ತಕದ ಪೆಟ್ಟಿಗೆಗಳಿದ್ದವು. ನಾಲ್ಕು ಸಲ ಒಳಗೂ ಹೊರಗೂ ಓಡಾಡಿ ಎಲ್ಲವನ್ನೂ ಕಾರಿಗೆ ತುಂಬಿದಳು. ಎದುರಿನ ಜಗುಲಿಯಲ್ಲಿ ಕೂತ ನಾವು ಯಾರೂ ಎದ್ದು ಒಂದು ಕೈ ಕೊಡಲಿಲ್ಲ.

ಕೊನೆಯ ಸಲ ಹೊಸ್ತಿಲು ದಾಟುವಾಗ ಅಜ್ಜಿ ಅಡ್ಡ ನಿಂತು ಒಂದು ತಗಡಿನ ಡಬ್ಬಿ ಅವಳ ಕೈಗೆ ತುರುಕಿದಳು. ಒಳಗೆ ಏನೋ ಗಲಗಲ ಎಂದಿತು.

"ಏನಜ್ಜಿ ಇದು?"

"ಹಳೇ ನಾಲ್ಕು ಸೆಟ್ಟು. ಐದನೇದು ನನಗೆ ಬೇಕು, ಜನರನ್ನ ಬೈಯೋಕೆ. ಅಲ್ಲಿ ನಿನ್ನ ಡಾಕ್ಟರುಗಳಿಗೆ ತೋರಿಸು. ಕೆಲಸದಲ್ಲಿ ಏನಾದ್ರೂ ತಪ್ಪು ಹುಡುಕ್ಲಿ ನೋಡೋಣ. ತಪ್ಪಿರೋದು ಮೂಳೇಲಿ, ಕಟ್ಟಿದವನ ಕೈಯಲ್ಲಲ್ಲ ಅಂತ ಅವರ ಬಾಯಿಂದ ಹೇಳಿಸು."

ಅಜ್ಜಿ ಇದನ್ನು ಮೆಲ್ಲಗೆ ಹೇಳಲಿಲ್ಲ. ಶೆಡ್ಡಿನವರೆಗೂ ಮುಟ್ಟುವ ಹಾಗೆ ಹೇಳಿದಳು. ಹೇಳಿ, ಮುತ್ತೂ ಕೊಡದೆ ಒಳಗೆ ಹೋದಳು.

ಟ್ಯಾಬಿತಾ ಡಬ್ಬಿ ಹಿಡಿದು ಮೆಟ್ಟಿಲಿಳಿದಳು. ಅಂಗಳದ ನಡುವೆ ಬಂದಿರಬೇಕು, ಶೆಡ್ಡಿನ ಸದ್ದು ಬದಲಾಯಿತು. ದಪ್ಪ ಗೊರ್ ನಿಂತು ಸಣ್ಣ ಕೀರಲು ಸದ್ದು ಎದ್ದಿತು. ಚಕ್ರ ಬರಿದೇ ತಿರುಗುತ್ತಿತ್ತು. ಜಗುಲಿಯಲ್ಲಿದ್ದ ನಮಗೆಲ್ಲ ಅದು ಕೇಳಿಸಿತು. ಅವಳಿಗೂ ಕೇಳಿಸಿತು, ಹೆಜ್ಜೆ ನಿಂತಿತು. ಒಮ್ಮೆ ಶೆಡ್ಡಿನ ಬಾಗಿಲಿನ ಕಡೆ ನೋಡಿದಳು. ಅದು ಮುಚ್ಚಿತ್ತು.

ಅಂಥ ಹೊತ್ತಿನಲ್ಲಿ ಅವನನ್ನು ಮಾತಾಡಿಸಬಾರದೆಂದು ಅವಳಿಗೆ ನಡೆಯಲು ಬಂದಂದಿನಿಂದ ಗೊತ್ತು. ಅವಳು ಮಾತಾಡಿಸಲಿಲ್ಲ. ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು, ಅದು ಉರುಳದ ಹಾಗೆ ಬೆಲ್ಟು ಬಿಗಿದು, ಕಾರನ್ನು ಹಿಂದಕ್ಕೆ ತೆಗೆದು ರಸ್ತೆಗಿಳಿಸಿದಳು.